ಒಂದು ತಾಟು, ಎರಡು ಚಮಚ

ಧಾರವಾಡ
14 ನವೆಂಬರ್ 2005

ಶ್ರೀಮತಿ ನಿರುಪಮಾ ಅವರಿಗೆ, ನಮಸ್ಕಾರ.

ಈಗ ಸಂಜೆ ಏಳು ಗಂಟೆ ಹತ್ತು ನಿಮಿಷ. ಇವತ್ತು ಧಾರವಾಡದಿಂದ ಹುಬ್ಬಳ್ಳಿಗೆ ನಾಲ್ಕು ಸಲ ಹೋಗಿ ಬಂದೆ. ನವನಗರದ ಹತ್ತಿರ ಎಮ್ಮೆಗಳು ಅಡ್ಡ ಬಂದು ಹತ್ತು ನಿಮಿಷ ತಡವಾಯಿತು. ಬೇರೆ ವಿಶೇಷವಿಲ್ಲ.

ಹೀಗೆ ಆರಂಭಿಸಿದ್ದಕ್ಕೆ ಕ್ಷಮಿಸಿರಿ. ನಾನು ಬಸ್ ಕಂಡಕ್ಟರ್. ದಿನಚರಿ ಬರೆಯುವ ರೂಢಿ ಇದೆ, ಪತ್ರ ಬರೆಯುವ ರೂಢಿ ಇಲ್ಲ. ನಿಮ್ಮ ವಿಳಾಸ ನೀವು ಬರೆದ ಪುಸ್ತಕದ ಕೊನೆಯ ಪುಟದಲ್ಲಿ ಸಿಕ್ಕಿತು. ನೀವು ವಿದ್ಯಾನಗರದವರು. ನಿಮ್ಮ ಮನೆಯ ಮುಂದಿನ ರಸ್ತೆಯಲ್ಲೇ ನಾನು ದಿನಕ್ಕೆ ಎಂಟು ಸಲ ಹೋಗುತ್ತೇನೆ. ಆದರೂ ಇಳಿದು ಬಂದು ಕೇಳುವ ಧೈರ್ಯವಾಗಲಿಲ್ಲ.

ನನ್ನ ಮಗಳು ದುರ್ಗಾ ಹತ್ತನೆಯ ತರಗತಿಯಲ್ಲಿದ್ದಳು. ಆಗಸ್ಟ್ ಒಂಬತ್ತರಂದು ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಿದುಳು ಜ್ವರ. ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಆರು ದಿನ. ಆಕೆಯ ತಾಯಿ ಫಕೀರವ್ವ ತೀರಿಹೋಗಿ ಏಳು ವರ್ಷವಾಗಿತ್ತು. ಮನೆಯಲ್ಲಿ ನಾವಿಬ್ಬರೇ. ಬಸ್ಸಿನಲ್ಲಿ ನಾನು ಎಲ್ಲ ಸ್ಟಾಪುಗಳ ಹೆಸರನ್ನೂ ಕೂಗುತ್ತೇನೆ, ಸತ್ತೂರು ಎಂಬುದೊಂದು ಬಾಯಿಂದ ಹೊರಡುವುದಿಲ್ಲ. ಅದನ್ನು ಡ್ರೈವರ್ ಅರ್ಜುನಪ್ಪನೇ ಕೂಗುತ್ತಾನೆ.

ಹೋದ ವಾರ ಜೋಳದ ಡಬ್ಬಿ ಸರಿಸಿದಾಗ ಹಿಂದೆ ಒಂದು ಚೀಲ ಸಿಕ್ಕಿತು. ನನ್ನ ಹಳೆಯ ಖಾಕಿ ಪ್ಯಾಂಟು ಕತ್ತರಿಸಿ ದುರ್ಗಾ ತಾನೇ ಹೊಲಿದದ್ದು. ಒಳಗೆ ನಿಮ್ಮ ‘ಕಾಳಿ ಕಣಿವೆಯಲ್ಲಿ ಹನ್ನೊಂದು ದಿನ’ ಪುಸ್ತಕವಿತ್ತು. ಅದನ್ನು ಮೂರು ದಿನಗಳಲ್ಲಿ ಓದಿ ಮುಗಿಸಿದೆ. ಹದಿನೈದು ವರ್ಷದ ಹುಡುಗಿ ಯಾರಿಗೂ ಹೇಳದೆ ಜೀಪು ಹತ್ತುತ್ತಾಳೆ, ಜೀಪು ಕಣಿವೆಗೆ ಉರುಳುತ್ತದೆ, ಆಮೇಲೆ ಹನ್ನೊಂದು ದಿನ ಕಾಡಿನಲ್ಲಿ ಒಬ್ಬಳೇ. ಮೂವತ್ತೊಂದನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ದುರ್ಗಾ ಪೆನ್ನಿನಿಂದ ಗೆರೆ ಎಳೆದಿದ್ದಾಳೆ: ‘ಚೀಲ ಸಿದ್ಧವಿರಲಿ. ಮನೆಯಲ್ಲಿ ಹೇಳಬೇಡ. ಹೇಳಿದರೆ ಬಿಡುವುದಿಲ್ಲ.’

ನನ್ನ ಪ್ರಶ್ನೆ ಒಂದೇ. ಮಗಳು ನನ್ನನ್ನು ಬಿಟ್ಟು ಹೋಗುವವಳಿದ್ದಳೇ? ಆಕೆಯನ್ನು ಕೇಳಲು ಆಗುವುದಿಲ್ಲ. ಪುಸ್ತಕ ಬರೆದವರಿಗೆ ತಿಳಿದಿರಬಹುದು ಎಂದು ಕೇಳುತ್ತಿದ್ದೇನೆ. ಪಕ್ಕದ ಮನೆಯ ರಾಜಬಿ ದುರ್ಗಾಳನ್ನು ಸಾಕಿದವಳು. ಚೀಲದ ಮುಂದೆ ಕುಳಿತ ನನ್ನನ್ನು ನೋಡಿ, “ದ್ಯಾಮಣ್ಣ, ಹುಡುಗಿ ಹೋದಮ್ಯಾಲೂ ಆಕಿನ ಪಂಚನಾಮಿ ಮಾಡಾಕತ್ತೀಯೇನು?” ಎಂದಳು. ಆಕೆಯ ಮಾತು ಸರಿ ಇದ್ದೀತು. ಆದರೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಇಂತಿ ತಮ್ಮ,
ದ್ಯಾಮಣ್ಣ


ವಿದ್ಯಾನಗರ, ಹುಬ್ಬಳ್ಳಿ
28 ನವೆಂಬರ್ 2005

ಶ್ರೀ ದ್ಯಾಮಣ್ಣನವರಿಗೆ, ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಏನು ಬರೆದರೂ ಕಡಿಮೆಯೇ. ನಿಮ್ಮ ದುಃಖದ ಮುಂದೆ ನನ್ನ ಪುಸ್ತಕದ ಸಮರ್ಥನೆ ಮಾಡಿಕೊಳ್ಳುವುದು ಸಣ್ಣತನ. ಆದರೂ ಒಂದು ಮಾತು ಹೇಳಬೇಕು: ಮನೆ ಬಿಟ್ಟು ಹೋಗಿರಿ ಎಂದು ನಾನು ಯಾವ ಮಕ್ಕಳಿಗೂ ಬರೆದಿಲ್ಲ. ಇಂಥ ಕಥೆಗಳಲ್ಲಿ ಮೊದಲ ಮೂವತ್ತು ಪುಟಗಳೊಳಗೆ ದೊಡ್ಡವರನ್ನು ದೂರ ಸರಿಸಲೇಬೇಕು. ದೊಡ್ಡವರು ಇದ್ದರೆ ಅವರೇ ಬೆಂಕಿ ಹೊತ್ತಿಸುತ್ತಾರೆ, ಅವರೇ ದಾರಿ ಹುಡುಕುತ್ತಾರೆ. ಹುಡುಗಿಗೆ ಮಾಡಲು ಏನೂ ಉಳಿಯುವುದಿಲ್ಲ.

ಇಂಥ ಪುಸ್ತಕಗಳನ್ನು ಈ ವಯಸ್ಸಿನವರು ಯಾಕೆ ಬಿಡದೆ ಓದುತ್ತಾರೆ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ನನಗೆ ಗೊತ್ತಿರುವುದು ಇಷ್ಟು. ಹದಿನೈದರ ಹುಡುಗಿ ಮನೆಯಲ್ಲಿ ಏನನ್ನೂ ನಿರ್ಧರಿಸುವುದಿಲ್ಲ. ಯಾವ ಟ್ಯೂಷನ್, ಯಾವ ಬಣ್ಣದ ಬಟ್ಟೆ, ಎಷ್ಟು ಗಂಟೆಗೆ ಮನೆಗೆ ಬರಬೇಕು, ಎಲ್ಲವನ್ನೂ ಬೇರೆಯವರೇ ಹೇಳುತ್ತಾರೆ. ಕಾಡಿನಲ್ಲಿ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬುದು ಅವಳದೇ ಲೆಕ್ಕ, ತಪ್ಪಿದರೆ ಪೆಟ್ಟೂ ಅವಳದೇ. ಆ ಪೆಟ್ಟಿಗೂ ಅವರು ಆಸೆಪಡುತ್ತಾರೆ.

ಚೀಲದ ವಿಷಯಕ್ಕೆ ನೀವು ಹೆದರಬೇಡಿರಿ. ಅನೇಕ ಮಕ್ಕಳು ಕಟ್ಟಿಕೊಳ್ಳುತ್ತಾರೆ, ಏನೇನು ಇಟ್ಟಿದ್ದೇವೆ ಎಂದು ನನಗೆ ಪಟ್ಟಿ ಬರೆದು ಕಳಿಸುತ್ತಾರೆ. ಯಾರೂ ಎಲ್ಲಿಗೂ ಹೋದದ್ದು ನಾನು ಕೇಳಿಲ್ಲ. ನಿಮ್ಮ ಮಗಳ ಪತ್ರ ಬಂದ ನೆನಪು ನನಗಿಲ್ಲ. ಚೀಲದಲ್ಲಿ ಏನಿತ್ತು ಎಂದು ಬರೆದರೆ ಏನಾದರೂ ಹೇಳಬಲ್ಲೆನೇನೋ.

ಆದರಗಳೊಂದಿಗೆ,
ನಿರುಪಮಾ


ಧಾರವಾಡ
11 ಡಿಸೆಂಬರ್ 2005

ನಿರುಪಮಾ ಬಾಯಿಯವರಿಗೆ ನಮಸ್ಕಾರ.

ಮಧ್ಯಾಹ್ನ ಎರಡು ಗಂಟೆ. ಇವತ್ತು ವಾರದ ರಜೆ. ಬೆಳಿಗ್ಗೆಯಿಂದ ಮೂರು ಸಲ ಕಸ ಗುಡಿಸಿದೆ. ಎರಡು ಸಲ ಟೋಲ್ ನಾಕಾದವರೆಗೆ ನಡೆದು ಸುಮ್ಮನೆ ತಿರುಗಿ ಬಂದೆ.

ಪಟ್ಟಿ ಕೇಳಿದ್ದಿರಿ. ಮೇಣದಲ್ಲಿ ಅದ್ದಿದ ಕಡ್ಡಿಪೆಟ್ಟಿಗೆ ಒಂದು. ಬಟ್ಟೆ ಒಣಹಾಕುವ ಹಗ್ಗ, ಹತ್ತು ಮೊಳ (ಇದನ್ನು ಯಾರೋ ಕದ್ದರೆಂದು ನಾನು ಓಣಿಯವರಿಗೆಲ್ಲ ಬೈದಿದ್ದೆ). ಮೀನಿನ ಗಾಳ ಒಂದು. ನಮ್ಮ ಮನೆತನದಲ್ಲಿ ಯಾರೂ ಮೀನು ಮುಟ್ಟುವುದಿಲ್ಲ. ಫೋಟೋ ರೀಲಿನ ಡಬ್ಬಿಯಲ್ಲಿ ಉಪ್ಪು. ಶೇಂಗಾ ಚಟ್ನಿ, ಈಗ ಕಮಟು ವಾಸನೆ ಬಂದಿದೆ. ಆಕೆಯ ತಾಯಿಯ ಸೀರೆಯ ತುಂಡು. ನನ್ನ ಸೀಟಿ. ಒಂದು ತಾಟು. ಎರಡು ಚಮಚ.

ಸೀಟಿಯ ಬಗ್ಗೆ ಹೇಳುತ್ತೇನೆ. ಜೂನಿನಲ್ಲಿ ಅದು ಕಳೆಯಿತು. ಇಪ್ಪತ್ತೆರಡು ವರ್ಷ ಊದಿದ ಹಿತ್ತಾಳೆಯ ಸೀಟಿ. ಮನೆಯೆಲ್ಲ ಹುಡುಕಿ, “ಸೀಟಿ ಇಲ್ಲದ ಕಂಡಕ್ಟರ್ ಅಂದ್ರ ಕೊಳ್ಳಾಗ ಗಂಟಿ ಇಲ್ಲದ ಎತ್ತು. ನೀ ಏನರ ತಗೊಂಡಿಯೇನು?” ಎಂದು ದುರ್ಗಾಳಿಗೆ ಗದರಿಸಿದೆ. “ನಾ ನೋಡಿಲ್ಲಪಾ. ಬಾಯಿಲೇ ಊದು, ಯಾರ್ ಕೇಳ್ತಾರ” ಎಂದು ನಕ್ಕಳು. ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದಳು. ಈಗ ಪೇಟೆಯಿಂದ ತಂದ ಪ್ಲಾಸ್ಟಿಕ್ ಸೀಟಿ ಊದುತ್ತೇನೆ.

ಇನ್ನು ಚಮಚ. ಒಬ್ಬಳೇ ಹೋಗುವವಳಿಗೆ ಎರಡು ಚಮಚ ಯಾಕೆ ಬೇಕು? ಒಂದೇ ತಾಟಿನಲ್ಲಿ ಇಬ್ಬರು ಉಣ್ಣುತ್ತಾರೆಂದರೆ ಅದರ ಅರ್ಥ ನಿಮಗೂ ತಿಳಿಯುತ್ತದೆ, ನನಗೂ ತಿಳಿಯುತ್ತದೆ. ಯಾರ ಜೊತೆ ಹೊರಟಿದ್ದಳು? ಬಸ್ಸಿನಲ್ಲಿ ಹತ್ತುವ ಹುಡುಗರ ಮುಖ ನೋಡುತ್ತೇನೆ. ಇವನೋ? ಅವನೋ? ಚಿಲ್ಲರೆ ಕೊಡುವಾಗ ಲೆಕ್ಕ ತಪ್ಪುತ್ತದೆ. ತೀರಿಹೋದ ಮಗಳ ಬಗ್ಗೆ ಹೀಗೆ ಯೋಚಿಸುವ ತಂದೆ ಎಂಥವನು ಎಂದು ನೀವು ಅನ್ನಬಹುದು. ನಾನೂ ಅದನ್ನೇ ಅಂದುಕೊಳ್ಳುತ್ತೇನೆ, ಆದರೂ ಯೋಚನೆ ನಿಲ್ಲುವುದಿಲ್ಲ.

ನಿಮಗೆ ಏನಾದರೂ ಹೊಳೆದರೆ ದಯವಿಟ್ಟು ಬೇಗ ಬರೆಯಿರಿ.

ದ್ಯಾಮಣ್ಣ


ಧಾರವಾಡ
9 ಜನವರಿ 2006

ನಿರುಪಮಾ ಬಾಯಿಯವರಿಗೆ.

ರಾತ್ರಿ ಊಟವಾಯಿತು. ಎಂಟು ಗಂಟೆ. ನಿಮ್ಮ ಉತ್ತರ ಬರಲಿಲ್ಲ. ಕೆಲಸವಿರಬಹುದು ಅಥವಾ ನನ್ನ ಪತ್ರ ನಿಮಗೆ ಹೇಸಿಗೆ ತಂದಿರಬಹುದು. ಇವತ್ತು ನಡೆದದ್ದನ್ನು ಯಾರಿಗಾದರೂ ಹೇಳಲೇಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಾಲ್ಕೂವರೆಯ ಟ್ರಿಪ್ಪಿನಲ್ಲಿ ಬಸ್ಸು ತುಂಬಿತ್ತು. ವಿದ್ಯಾನಗರ ದಾಟಿ ಹೊಸೂರಿನ ಹತ್ತಿರ ಬಂದಾಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಧಡಕ್ಕನೆ ಎದ್ದು ಕೂಗಿದಳು.

“ಕಂಡಕ್ಟರ್ ಕಾಕಾ, ನಿಂದರ್ಸ್ರಿ! ನನ್ನ ವಿದ್ಯಾನಗರ ಹೋತು!”

“ವಿದ್ಯಾನಗರ ಎಲ್ಲೀ ಹೋಗಿಲ್ಲವಾ, ಅಲ್ಲೇ ಐತಿ. ನೀನ ಹೊಸೂರಿಗೆ ಬಂದೀ” ಎಂದೆ. ಜನ ನಕ್ಕರು. ಹುಡುಗಿ ಮುಖ ಎತ್ತಿದಾಗ ನೋಡಿದರೆ ಸೌಂದರ್ಯಾ, ಶಾಲೆಯಲ್ಲಿ ದುರ್ಗಾಳ ಪಕ್ಕದಲ್ಲಿ ಕೂರುತ್ತಿದ್ದವಳು. ಕೈಯಲ್ಲಿ ನಿಮ್ಮ ಪುಸ್ತಕ.

“ಏನೈತಿ ಅದರಾಗ, ಸ್ಟಾಪ್ ಮರಿಯುವಂಥಾದ್ದು?”

“ಆಕಿ ಬೇರು ಹಿಡಕೊಂಡು ಜೋತ್ಯಾಡಾಕತ್ತಾಳ್ರಿ ಕಾಕಾ. ಕೆಳಗ ಹೊಳಿ. ಹೆಂಗ ಬಿಟ್ಟು ಇಳೀಲಿ ಹೇಳ್ರಿ?”

“ಎಷ್ಟನೇ ಸಲ ಓದಾಕತ್ತಿ?”

“ನಾಕನೇದು.”

“ಹಂಗಾರ ಆಕಿ ಬೀಳಂಗಿಲ್ಲಂತ ಗೊತ್ತೈತೆಲ್ಲ?”

“ಗೊತ್ತೈತ್ರಿ. ಆದ್ರೂ ನಾ ನಡುವ ಪುಸ್ತಕ ಮುಚ್ಚಿದ್ರ ಬಿದ್ದಗಿದ್ದಾಳು.”

ಪಕ್ಕದ ಸೀಟಿನ ಮುದುಕ, “ಪರೀಕ್ಷಾ ಪುಸ್ತಕ ಹಿಂಗ ಓದಿದ್ರ ರ್‍ಯಾಂಕ್ ಬರ್ತಿದ್ದಿ ನೋಡವಾ” ಎಂದ. ಅದಕ್ಕೆ ಆಕೆ, “ಪರೀಕ್ಷಾ ಪುಸ್ತಕದಾಗ ಯಾರೂ ಜೋತ್ಯಾಡಂಗಿಲ್ಲರಿ ಅಜ್ಜಾ” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ದುರ್ಗಾನೂ ಇದನ್ನ ಅಂತಿದ್ಲು ಕಾಕಾ. ಇದರಾಗ ಯಾರೂ ಎಲ್ಲಿಗೆ ಹೊಂಟಿ, ಯಾರ ಜೋಡಿ ಹೊಂಟಿ ಅಂತ ಕೇಳಂಗಿಲ್ಲ” ಎಂದಳು.

ಮಗಳ ಹೆಸರು ಐದು ತಿಂಗಳಾದ ಮೇಲೆ ಆ ವಯಸ್ಸಿನವಳ ಬಾಯಿಂದ ಕೇಳಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. “ಹಂಗಾರ ಆಕಿ ಯಾರ ಜೋಡಿ ಹೊಂಟಿದ್ಲು?” ಎಂದುಬಿಟ್ಟೆ. ಇಡೀ ಬಸ್ಸು ಕೇಳಿತು.

ಸೌಂದರ್ಯಾ ಪುಸ್ತಕ ಮುಚ್ಚಿದಳು. “ಕಾಕಾ, ನೀವೂ ಹಿಂಗ ಕೇಳ್ತೀರೇನ್ರಿ?” ಎಂದಳು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಹೋದಳು. ಹೊಸೂರಿನಿಂದ ಹಿಂದಕ್ಕೆ ನಡೆದೇ ಹೋಗುತ್ತಿರುವುದು ಹಿಂದಿನ ಗಾಜಿನಲ್ಲಿ ಕಂಡಿತು.

ನಾನು ಸೀಟಿ ಊದುವುದನ್ನು ಮರೆತಿದ್ದೆ. ಅರ್ಜುನಪ್ಪ ತಿರುಗಿ ನೋಡಿ ತಾನೇ ಬಸ್ಸು ಬಿಟ್ಟ.

ದ್ಯಾಮಣ್ಣ


ಧಾರವಾಡ
20 ಫೆಬ್ರವರಿ 2006

ನಿರುಪಮಾ ಅವರಿಗೆ.

ಬೆಳಿಗ್ಗೆ ಐದು ಗಂಟೆ. ಡ್ಯೂಟಿಗೆ ಹೋಗುವ ಮೊದಲು ಬರೆಯುತ್ತಿದ್ದೇನೆ.

ಸೌಂದರ್ಯಾ ನನ್ನ ಬಸ್ಸು ಹತ್ತುವುದನ್ನು ಬಿಟ್ಟಿದ್ದಾಳೆ. ನಿನ್ನೆ ರಾಜಬಿಯ ಕೈಯಲ್ಲಿ ನಿಮ್ಮ ಪುಸ್ತಕದ ಎರಡನೆಯ ಮುದ್ರಣವನ್ನು ಕಳಿಸಿದಳು, ಒಂದು ಪುಟ ಮಡಿಚಿ. ಹಳೆಯದರಲ್ಲಿ ಹುಡುಗಿ ಆರನೆಯ ದಿನ ಕನ್ನಡಿಯಿಂದ ಸನ್ನೆ ಮಾಡುತ್ತಾಳೆ. ಹೊಸದರಲ್ಲಿ ಸೀಟಿ ಊದುತ್ತಾಳೆ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ನಡೆ. ಇದು ನಮ್ಮ ಕಂಡಕ್ಟರರ ಪದ್ಧತಿ, ಯಾರಾದರೂ ಹೇಳಿರಬಹುದು. ಅದಕ್ಕೆ ನಾನು ಏನೂ ಅನ್ನುವುದಿಲ್ಲ.

ಆದರೆ ಮುಂದೆ ಹೀಗೆ ಬರೆದಿದ್ದೀರಿ: ‘ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಕೊನೆಗೆ ಕರುವನ್ನು ಕರೆದ ಹಾಗೆ ಎಳೆದು.’ ಡಿಪೋದಲ್ಲಿ ಹಾಗೆ ಊದುವವನು ನಾನೊಬ್ಬನೇ. ಕರುವನ್ನು ಕರೆದ ಹಾಗೆ ಎಂದು ಅನ್ನುತ್ತಿದ್ದವಳು ದುರ್ಗಾ ಒಬ್ಬಳೇ. ನಾನು ನಿಮಗೆ ಯಾವ ಪತ್ರದಲ್ಲಿಯೂ ಇದನ್ನು ಬರೆದಿಲ್ಲ.

ನಿಮಗೆ ಯಾರು ಹೇಳಿದರು?

ದ್ಯಾಮಣ್ಣ


ವಿದ್ಯಾನಗರ, ಹುಬ್ಬಳ್ಳಿ
3 ಮಾರ್ಚ್ 2006

ದ್ಯಾಮಣ್ಣನವರಿಗೆ,

ನಿಮ್ಮ ಮಗಳೇ ಹೇಳಿದಳು.

ನೆನಪಿಲ್ಲ ಎಂದು ನವೆಂಬರಿನಲ್ಲಿ ಬರೆದದ್ದು ಸುಳ್ಳಲ್ಲ. ಹೆಸರು ಮರೆತಿತ್ತು. ಜುಲೈದಲ್ಲಿ ಬಂದ ಒಂದು ಪತ್ರದಿಂದ ಸೀಟಿಯ ಮಾತನ್ನು ಪುಸ್ತಕದ ನನ್ನ ಪ್ರತಿಯ ಅಂಚಿಗೆ ಗುರುತು ಹಾಕಿಕೊಂಡೆ, ಪತ್ರವನ್ನು ಪೆಟ್ಟಿಗೆಗೆ ಹಾಕಿದೆ. ಎರಡನೆಯ ಮುದ್ರಣದ ಕೆಲಸ ಮುಗಿಯಲಿ, ಹುಡುಗಿಗೆ ಒಂದು ಸಾಲು ಬರೆಯೋಣ ಅಂದುಕೊಂಡೆ. ಬರೆಯಲಿಲ್ಲ. ಡಿಸೆಂಬರಿನಲ್ಲಿ ನಿಮ್ಮ ಪಟ್ಟಿಯಲ್ಲಿ ‘ನನ್ನ ಸೀಟಿ’ ಎಂದು ಓದಿದ ಕೂಡಲೇ ಎದ್ದು ಪೆಟ್ಟಿಗೆ ತೆಗೆದೆ. ಪುಸ್ತಕ ಆಗಲೇ ಅಚ್ಚಾಗುತ್ತಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ ಅಂದೇ ನನ್ನ ಕೈಯಲ್ಲಿತ್ತು. ಅದನ್ನು ಎರಡೂವರೆ ತಿಂಗಳು ಇಟ್ಟುಕೊಂಡೆ. ಕಳಿಸಿದರೆ, ಮಗುವಿನ ಮಾತು ತೆಗೆದುಕೊಂಡು ಮಗುವಿಗೆ ಉತ್ತರಿಸದವಳು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ನನ್ನ ನಾಚಿಕೆ ಉಳಿಸಿಕೊಳ್ಳಲು ನಿಮ್ಮನ್ನು ಆ ಯೋಚನೆಯಲ್ಲಿ ಬಿಟ್ಟೆ. ಆ ಹುಡುಗಿ ಸೌಂದರ್ಯಾ ಹೊಸೂರಿನಿಂದ ನಡೆದುಕೊಂಡು ಬಂದ ದಾರಿಯೂ ನನ್ನ ಲೆಕ್ಕಕ್ಕೇ ಸೇರಬೇಕು. ಕ್ಷಮೆ ಕೇಳಲು ಮುಖವಿಲ್ಲ.

ಪತ್ರ ನಿಮ್ಮದು. ಪ್ರತಿ ಇಟ್ಟುಕೊಂಡಿಲ್ಲ.

ನಿರುಪಮಾ


(ಜೊತೆಗಿದ್ದ ಪತ್ರ)

ಧಾರವಾಡ
2 ಜುಲೈ 2005

ನಿರುಪಮಾ ಮೇಡಂ ಅವರಿಗೆ,

ನಾನು ದುರ್ಗಾ, ಹತ್ತನೇ ತರಗತಿ. ನಿಮ್ಮ ಪುಸ್ತಕ ಮೂರು ಸಲ ಓದಿದೆ. ಒಂದು ತಪ್ಪು ಸಿಕ್ಕಿದೆ, ಸಿಟ್ಟು ಮಾಡಬೇಡಿರಿ. ಆಕೆ ಕಾಡಿಗೆ ಹೋಗುವುದು ಜುಲೈದಲ್ಲಿ. ಹನ್ನೊಂದು ದಿನವೂ ಮಳೆ ಎಂದು ಬರೆದಿದ್ದೀರಿ. ಆರನೇ ದಿನ ಕನ್ನಡಿ ಹಿಡಿದು ಬಿಸಿಲು ಹೊಡೆಯುತ್ತಾಳೆ. ಬಿಸಿಲು ಎಲ್ಲಿಂದ ಬಂತು?

ಸೀಟಿ ಬರೆಯಿರಿ. ಮಳೆಯಲ್ಲೂ ನಡೆಯುತ್ತದೆ. ನಮ್ಮ ಅಪ್ಪ ಬಸ್ ಕಂಡಕ್ಟರ್. ಒಂದು ಸೀಟಿ ಅಂದರೆ ನಿಲ್ಲು, ಎರಡು ಸೀಟಿ ಅಂದರೆ ನಡೆ. ಅಪ್ಪ ಊದುವಾಗ ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಕೊನೆಗೆ ಕರುವನ್ನು ಕರೆದ ಹಾಗೆ ಎಳೆಯುತ್ತಾರೆ. ಅವರು ಟೋಲ್ ನಾಕಾದಲ್ಲಿ ಊದಿದರೆ ನನಗೆ ಮಾಳಿಗೆಯ ಮೇಲೆ ಕೇಳುತ್ತದೆ. ಆಗ ಒಲೆ ಹಚ್ಚುತ್ತೇನೆ. ನೂರು ಸೀಟಿ ಊದಿದರೂ ಅಪ್ಪನದು ಯಾವುದು ಎಂದು ಹೇಳುತ್ತೇನೆ. ನಾನು ಎಲ್ಲಾದರೂ ಕಳೆದುಹೋಗಿ ಹಾಗೆ ಊದಿದರೆ ಅಪ್ಪನೂ ಗುರುತು ಹಿಡಿಯುತ್ತಾರೆ.

ನನಗೆ ನಿಮ್ಮ ಪುಸ್ತಕ ಯಾಕೆ ಸೇರಿತು ಅಂದರೆ, ಇಲ್ಲಿ ಎಲ್ಲರೂ ನನಗೆ ಪಾಪ ಅನ್ನುತ್ತಾರೆ, ಅವ್ವ ಇಲ್ಲ ಅಂತ. ಕಾಡಿನಲ್ಲಿ ಆಕೆಗೆ ಯಾರೂ ಪಾಪ ಅನ್ನುವುದಿಲ್ಲ. ಬೆಂಕಿ ಹಚ್ಚಿದರೆ ಹತ್ತುತ್ತದೆ, ಸರಿಯಾಗಿ ಹಚ್ಚದಿದ್ದರೆ ಇಲ್ಲ.

ಇನ್ನೊಂದು. ಇದು ತಪ್ಪಲ್ಲ, ನನ್ನ ಅಭಿಪ್ರಾಯ. ಆಕೆ ಒಬ್ಬಳೇ ಹೋಗುತ್ತಾಳೆ. ನನಗಾದರೆ ಅಪ್ಪನನ್ನು ಕರೆದುಕೊಂಡು ಹೋಗಬೇಕು. ಅವರು ದಿನಾ ಅದೇ ರೋಡಿನಲ್ಲಿ ಹೋಗಿ ಅದೇ ರೋಡಿನಲ್ಲಿ ಬರುತ್ತಾರೆ, ಎಲ್ಲಿಯೂ ಇಳಿಯುವುದಿಲ್ಲ. ದಸರಾ ಸೂಟಿಯಲ್ಲಿ ದಾಂಡೇಲಿಗೆ ಹೋಗುವುದು, ಒಂದೇ ದಿನ, ಯಾಕೆಂದರೆ ಮರುದಿನ ಅವರಿಗೆ ಡ್ಯೂಟಿ. ಈಗಲೇ ಹೇಳಿದರೆ ಬೇಡ ಅನ್ನುತ್ತಾರೆ. ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟುಬಿಟ್ಟರೆ ಬೇಡ ಅನ್ನಲಿಕ್ಕೆ ಬರುವುದಿಲ್ಲ. ತಾಟು ಒಂದೇ ಇಟ್ಟಿದ್ದೇನೆ, ಭಾರ ಆಗಬಾರದು. ಚಮಚ ಎರಡು. ಸೀಟಿಯನ್ನೂ ಈಗಲೇ ತೆಗೆದು ಇಟ್ಟಿದ್ದೇನೆ, ಆಮೇಲೆ ಮರೆಯುತ್ತದೆ. ಅದಕ್ಕೆ ಬೈದರು, ನಾನು ಸುಳ್ಳು ಹೇಳಿದೆ. ದಸರಾದಲ್ಲಿ ಹೇಳಿಬಿಡುತ್ತೇನೆ.

ಉತ್ತರ ಬರೆಯಿರಿ. ನಿಜವಾದ ಕಾಡಿನಲ್ಲಿ ನೀವು ಎಷ್ಟು ದಿನ ಇದ್ದಿರಿ?

ನಿಮ್ಮ ಓದುಗರಲ್ಲಿ ಒಬ್ಬಳು,
ದುರ್ಗಾ


ಧಾರವಾಡ
7 ಏಪ್ರಿಲ್ 2006

ನಿರುಪಮಾ ಬಾಯಿಯವರಿಗೆ ನಮಸ್ಕಾರ.

ಸಂಜೆ ಆರೂ ಮುಕ್ಕಾಲು. ಇವತ್ತು ನಾಲ್ಕು ಟ್ರಿಪ್ಪು. ಹತ್ತನೆಯ ತರಗತಿಯ ಪರೀಕ್ಷೆಗಳು ಮುಗಿದವು. ಮಧ್ಯಾಹ್ನದ ಬಸ್ಸಿನಲ್ಲಿ ಹುಡುಗಿಯರ ಗದ್ದಲದಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಸತ್ತೂರು ಬಂದಾಗ ಇವತ್ತೂ ಅರ್ಜುನಪ್ಪನೇ ಕೂಗಿದ.

ಉತ್ತರ ತಡವಾಯಿತು. ದುರ್ಗಾಳ ಪತ್ರವನ್ನು ದಿನಾ ಓದುತ್ತಿದ್ದೆ. ನಿಮ್ಮ ಮೇಲೆ ಸಿಟ್ಟು ಬಂದದ್ದು ಖರೆ. ಎರಡು ಸಲ ವಿದ್ಯಾನಗರದಲ್ಲಿ ಇಳಿದು ನಿಮ್ಮ ಓಣಿಯ ತುದಿಗೆ ಬಂದು ತಿರುಗಿದೆ. ಆಮೇಲೆ ಯೋಚಿಸಿದೆ. ನೀವು ಕಾಗದದಲ್ಲಿ ಬಂದದ್ದಕ್ಕೆ ಉತ್ತರ ಕೊಡಲಿಲ್ಲ. ನಾನು ಅದೇ ಮನೆಯಲ್ಲಿ ಆಕೆಯ ಎದುರು ಕುಳಿತು ಉಂಡವನು. ಎಲ್ಲಿಗಾದರೂ ಹೋಗೋಣವೇ ಎಂದು ಒಂದು ಸಲವೂ ಕೇಳಲಿಲ್ಲ. ತೀರಿಕೊಂಡ ಮೇಲೆ ಕೇಳಿದ್ದೂ ಎಂಥ ಪ್ರಶ್ನೆ!

ಸೌಂದರ್ಯಾ ಇವತ್ತು ಬಸ್ಸು ಹತ್ತಿದಳು. “ಕಾಕಾ, ಪಾಸ್ ವಿದ್ಯಾನಗರ ಮಟಾ ಐತಿ. ಮುಂದ ಹೊಸೂರಿಗೆ ಒಂದು ಟಿಕೆಟ್ ಕೊಟ್ಟಬಿಡ್ರಿ, ಹೆಂಗೂ ಓದಿಕೋತ ದಾಟ್ತೇನಿ” ಎಂದಳು. ಟಿಕೆಟ್ ಹರಿದು ಕೊಟ್ಟೆ. “ಅವ್ವಾ, ಅವತ್ತ ನಾ ಹಂಗ ಕೇಳಬಾರದಿತ್ತು” ಎಂದೆ. ಪುಸ್ತಕದಿಂದ ತಲೆ ಎತ್ತದೆ “ಹ್ಞೂಂರಿ” ಎಂದಳು. ವಿದ್ಯಾನಗರ ಬಂದಾಗ ನಾನೇ ಹೋಗಿ ಭುಜ ತಟ್ಟಿದೆ.

ಒಂದು ಕೇಳಿಕೆ. ಮೂರನೆಯ ಮುದ್ರಣ ಬಂದರೆ ದುರ್ಗಾಳ ಹೆಸರು ಹಾಕಿರಿ. ಸಲಹೆ ಕೊಟ್ಟವಳು ಎಂದು ಬೇಡ, ತಪ್ಪು ಹಿಡಿದವಳು ಎಂದು ಹಾಕಿರಿ. ಅದು ಆಕೆಗೆ ಸೇರುತ್ತಿತ್ತು. ಕಾಡಿನಲ್ಲಿ ಎಷ್ಟು ದಿನ ಇದ್ದಿರಿ ಎಂದು ಆಕೆ ಕೇಳಿದ್ದಕ್ಕೂ ಒಂದು ಸಾಲು ಬರೆಯಿರಿ. ಒಂದು ದಿನವೂ ಇಲ್ಲ ಎಂದಾದರೂ ಸರಿ. ನಾನು ಓದಿಕೊಳ್ಳುತ್ತೇನೆ.

ಚೀಲದಿಂದ ಹಳೆಯ ಚಟ್ನಿ ತೆಗೆದೆ. ಉಳಿದದ್ದು ಹಾಗೇ ಇದೆ, ಗಾಳವೂ ಇದೆ. ಸೀಟಿಯನ್ನು ಹುಣಸೆ ಹಣ್ಣು ಹಚ್ಚಿ ತಿಕ್ಕಿದೆ. ಊದಿ ನೋಡಲಿಲ್ಲ. ರಾಜಬಿ ರೊಟ್ಟಿ ಬುತ್ತಿ ಕಟ್ಟಿ ತಂದಳು. “ಇಷ್ಟ್ಯಾಕ ಕಟ್ಟೀ, ನಾ ಒಬ್ಬಾವ ಹೊಂಟೇನಿ” ಎಂದೆ. “ಚಮಚ ಎಷ್ಟ ಇಟ್ಕೊಂಡಿ?” ಎಂದು ಕೇಳಿ ಬುತ್ತಿಯನ್ನು ಚೀಲದೊಳಗೆ ತುರುಕಿದಳು.

ಒಂದೇ ದಿನದ ರಜೆ ಹಾಕಿದ್ದೇನೆ. ನಾಳೆ ದಾಂಡೇಲಿ ಬಸ್ಸು ಆರೂವರೆಗೆ. ಅದರ ಕಂಡಕ್ಟರ್ ಬೇರೆಯವರು.

ಇಂತಿ,
ದುರ್ಗಾಳ ತಂದೆ ದ್ಯಾಮಣ್ಣ